ಕಾರು ಸುಮ್ನೆ ಕೆಟ್ಟು ನಿಲ್ಲಲ್ಲ

ಎಲ್ರಿಗೂ ನಮಸ್ಕಾರ. ಬೆಳಗ್ಗೆಯಿಂದ ಕಮ್ಮಟದಲ್ಲಿ ನೀವು ಓದಿದ ಕಥೆಗಳನ್ನ ಹಿಂದಿನ ಸಾಲಲ್ಲಿ ಕೂತು ಕೇಳಿದೆ. ಮೂರು ಕಥೇಲಿ ಹಳೇ ಕಾರು ಬಂತು, ಮೂರರಲ್ಲೂ ಘಾಟಿ ಮಧ್ಯೆ "ಇದ್ದಕ್ಕಿದ್ದ ಹಾಗೆ ಕಾರು ಕೆಟ್ಟು ನಿಂತಿತು". ಅಷ್ಟೇ. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಎಷ್ಟು ಹೊತ್ತು ನಿಂತಿತ್ತು, ಒಂದು ಸಾಲೂ ಇಲ್ಲ. ಅಜ್ಜನಿಗೆ ಕಾಯಿಲೆ ಆದ್ರೆ ಕೆಮ್ಮು ಯಾವಾಗ ಶುರುವಾಯ್ತು, ಕಷಾಯ ಯಾರು ಕೊಟ್ರು ಅಂತೆಲ್ಲ ಬರೀತೀರ. ಕಾರಿಗೂ ಅಷ್ಟು ಮರ್ಯಾದೆ ಕೊಡಿ ಅಂತ ಕೇಳೋಕೇ ಬಂದಿದೀನಿ. ಗ್ಯಾರೇಜಲ್ಲಿ ಬೆಳೆದವನು ನಾನು, ಅಪ್ಪ ಮೆಕ್ಯಾನಿಕ್ಕು.

ಮೊದ್ಲು ವಿಂಟೇಜ್ ಅನ್ನೋ ಮಾತು. ಹಳೇ ಕಾರಿನ ಕ್ಲಬ್ಬಿನವರ ಲೆಕ್ಕದಲ್ಲಿ 1919ರಿಂದ 1930ರೊಳಗಿನದು ಮಾತ್ರ ವಿಂಟೇಜ್, ನಮ್ಮ ಸರ್ಕಾರದ 2021ರ ನಿಯಮದಲ್ಲಿ 50 ವರ್ಷ ದಾಟಿ ಮೂಲ ರೂಪದಲ್ಲೇ ಇದ್ರೆ ಸಾಕು. ಇದ್ಯಾಕೆ ಮುಖ್ಯ ಅಂದ್ರೆ ಪಾರ್ಟು. ಅಂಬಾಸಿಡರ್ 1957ರ ಸುಮಾರಿಗೆ ಶುರುವಾಗಿ 2014ರ ತನಕ ಉತ್ತರಪಾರಾದಲ್ಲಿ ತಯಾರಾದ ಗಾಡಿ, ಅದರ ಪಾರ್ಟು ಸಿಗ್ಲಿಲ್ಲ ಅಂತ ತಿಂಗಳುಗಟ್ಟಲೆ ನಾಯಕನ್ನ ಊರಲ್ಲಿ ಉಳಿಸಿದ್ರೆ ನಾನು ನಂಬಲ್ಲ. 1930ರ ಆಸ್ಟಿನ್ ಆದ್ರೆ ನಂಬ್ತೀನಿ, ಅದಕ್ಕೆ ಲೇತ್ ಅಂಗಡೀಲಿ ಕೂತು ಪಾರ್ಟ್ ಮಾಡಿಸ್ಬೇಕು, ಆ ಲೇತಿನವನೇ ನಿಮ್ಮ ಕಥೆಗೆ ಒಬ್ಬ ಒಳ್ಳೇ ಪಾತ್ರ.

ಈಗ ಒಂದು ಘಟನೆ ಹೇಳ್ಬೇಕು. ನಾನಾಗ ಏಳನೇ ಕ್ಲಾಸು. ಅಪ್ಪಂಗೂ ದೊಡ್ಡಪ್ಪಂಗೂ ತೋಟದ ಪಾಲಿನ ವಿಷಯಕ್ಕೆ ಮೂರು ವರ್ಷದಿಂದ ಮಾತಿಲ್ಲ. ಉಡುಪೀಲಿ ಒಂದು ಮದುವೆ, ಅಜ್ಜಿ ಹಟ ಮಾಡಿ ಇಬ್ಬರನ್ನೂ ದೊಡ್ಡಪ್ಪನ ಫಿಯೆಟ್‌ನಲ್ಲಿ ಒಟ್ಟಿಗೆ ಕಳಿಸಿದ್ಲು. ಹೋಗ್ತಾ ಇಬ್ರೂ ಕಿಟಕಿ ಆಚೆ ನೋಡ್ಕೊಂಡೇ ಹೋದ್ರು. ವಾಪಸ್ ಬರ್ತಾ ಮಧ್ಯಾಹ್ನ, ಮೇ ತಿಂಗಳ ಬಿಸಿಲು, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತೋಕೆ ಶುರು ಮಾಡಿದ್ವಿ. ಹದಿನಾಲ್ಕು ತಿರುವು ಅಲ್ವಾ, ಮುಂದೆ ನಾಟಾ ತುಂಬಿದ ಲಾರಿ, ಓವರ್‌ಟೇಕ್ ಮಾಡೋ ಹಾಗಿಲ್ಲ, ಗಾಡಿ ಫಸ್ಟ್ ಗೇರಲ್ಲೇ ತೆವಳ್ತಿದೆ. ಅರ್ಧ ಘಾಟಿ ಆಗಿರ್ಬೇಕು, ಕಾರು ಬಿಕ್ಕಳಿಸೋಕೆ ಶುರು ಮಾಡ್ತು, ಎರಡು ಸಲ ಜಗ್ಗಿ ಹಾಗೇ ಉಸಿರು ಬಿಡ್ತು. ಸ್ಟಾರ್ಟರ್ ತಿರುಗುತ್ತೆ, ಇಂಜಿನ್ ಹಿಡಿಯಲ್ಲ. ದೊಡ್ಡಪ್ಪ ಪೆಟ್ರೋಲ್ ಜಾಸ್ತಿ ಬಿಡೋ ಚೋಕ್ ಗುಂಡಿಗೆ ಕೈ ಹಾಕಿದ್ದೇ ತಡ, ಹಿಂದಿನ ಸೀಟಿಂದ ಅಪ್ಪ, "ಅಣ್ಣ, ಚೋಕ್ ಎಳೀಬೇಡ, ಪೆಟ್ರೋಲ್ ಕುದೀತಾ ಇದೆ" ಅಂದ. ಮೂರು ವರ್ಷದಲ್ಲಿ ಅವರ ಮಧ್ಯೆ ಬಂದ ಮೊದಲನೇ ಮಾತು ಅದು.

ಆ ಫಿಯೆಟ್‌ನ ಪೆಟ್ರೋಲ್ ಪಂಪು ಇಂಜಿನ್ನಿನ ಮೈಗೇ ಅಂಟ್ಕೊಂಡಿರುತ್ತೆ. ಏರು, ನಿಧಾನ ಓಟ, ಗಾಳಿ ಇಲ್ಲ, ಪಂಪು ಬಿಸಿ ಆಗುತ್ತೆ. ಪೆಟ್ರೋಲಿನ ಹಗುರ ಅಂಶ 40 ಡಿಗ್ರಿ ಆಸುಪಾಸಲ್ಲೇ ಆವಿ ಆಗೋಕೆ ಶುರು, ಆಮೇಲೆ ಪೈಪಲ್ಲಿ ಪೆಟ್ರೋಲ್ ಬದಲು ಗುಳ್ಳೆ, ಗುಳ್ಳೆಯನ್ನ ಪಂಪು ಎಳೆಯಲ್ಲ. ವೇಪರ್ ಲಾಕ್ ಅಂತಾರೆ. ಅಪ್ಪ ಪಕ್ಕದ ಝರಿಯಲ್ಲಿ ಬೈರಾಸು ನೆನೆಸ್ಕೊಂಡು ಬಂದು ಪಂಪಿಗೆ ಸುತ್ತಿದ. ಅಷ್ಟೇ ಔಷಧಿ. ಆಮೇಲೆ ಕಾಯೋದು. ಇಬ್ರೂ ರಸ್ತೆ ಪಕ್ಕದ ಕಟ್ಟೆ ಮೇಲೆ ಕೂತ್ರು. ಮೊದ್ಲು ಕಾರಿನ ಪಂಪಿನ ಮಾತು, ಅಲ್ಲಿಂದ ತೋಟದ ಬಾವಿ ಪಂಪಿನ ಮಾತು, ಅದರ ಫೂಟ್‌ವಾಲ್ವ್ ಯಾರು ಹಾಕಿಸಿದ್ದು, ಈ ಬೇಸಿಗೇಲಿ ನೀರು ಯಾರಿಗೆ ಯಾವ ದಿನ. ಪಾಲೇನೂ ಅವತ್ತು ಆಗ್ಲಿಲ್ಲ. ಅರ್ಧ ಗಂಟೆ ಆದ್ಮೇಲೆ ಕಾರು ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯ್ತು, ಅಪ್ಪ ಮುಂದಿನ ಸೀಟಲ್ಲಿ ಕೂತ.

ನೋಡಿ, ಅದು ಚಕ್ರ ತಿರುಗಿಸೋ ಆಕ್ಸಲ್ ಕಟ್ ಆಗಿದ್ರೆ ಆ ಮಾತು ನಡೀತಾನೇ ಇರ್ಲಿಲ್ಲ, ಒಬ್ಬ ಬಸ್ ಹತ್ತಿ ತೀರ್ಥಹಳ್ಳಿಗೆ ಹೋಗ್ತಿದ್ದ, ಇನ್ನೊಬ್ಬ ಗಾಡಿ ಕಾಯ್ತಿದ್ದ. ಅದಕ್ಕೇ ನಾನು ಹೇಳೋದು, ಬರೆಯೋ ಮುಂಚೆ ಕೇಳ್ಕೊಳ್ಳಿ, ಎಷ್ಟು ಹೊತ್ತು? ಪಾತ್ರಗಳನ್ನ ರಸ್ತೇಲಿ ಎಷ್ಟು ಹೊತ್ತು ನಿಲ್ಲಿಸ್ಬೇಕು? ಎರಡೇ ನಿಮಿಷ ಸಾಕಾ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿ ತೂತು ಮುಚ್ಚಿಹೋಗೋ ಹಾಗೆ ಮಾಡಿ. ಟ್ಯಾಂಕೊಳಗೆ ಗಾಳಿ ಹೋಗಲ್ಲ, ಪೆಟ್ರೋಲ್ ಬರಲ್ಲ, ಮುಚ್ಚಳ ತೆಗೆದ್ರೆ ಬುಸ್ ಅಂತ ಸದ್ದು, ಗಾಡಿ ರೆಡಿ. ಒಂದು ರಾತ್ರಿ ಬೇಕಾ, ಆಕ್ಸಲ್ ಶಾಫ್ಟ್ ಮುರೀರಿ.

ಭಯ ಹುಟ್ಟಿಸ್ಬೇಕು ಅಂದ್ರೆ ಟ್ಯಾಂಕಿನ ತುಕ್ಕು. ವರ್ಷಾನುಗಟ್ಟಲೆ ನಿಂತಿದ್ದ ಕಾರಿನ ಟ್ಯಾಂಕ್ ತಳದಲ್ಲಿ ತುಕ್ಕು ಕೂತಿರುತ್ತೆ, ಗಾಡಿ ಕುಲುಕಿದಾಗ ಎದ್ದು ಪೈಪಿನ ಬಾಯಿಗೆ ಬಂದು ಕೂರುತ್ತೆ, ಗಾಡಿ ನಿಲ್ಲುತ್ತೆ. ಐದು ನಿಮಿಷಕ್ಕೆ ತುಕ್ಕು ಮತ್ತೆ ತಳಕ್ಕಿಳಿಯುತ್ತೆ, ಗಾಡಿ ಹೊರಡುತ್ತೆ. ಎರಡು ಕಿಲೋಮೀಟರ್ ಹೋಗಿ ಮತ್ತೆ ನಿಲ್ಲುತ್ತೆ. ರಾತ್ರಿ ಹೊತ್ತು, ಮಳೆ, ಪ್ರತಿ ಸಲ ಎಲ್ಲಿ ನಿಲ್ಲುತ್ತೋ ಗೊತ್ತಿಲ್ಲ. ದೆವ್ವದ ಕಥೆಗೆ ಇದಕ್ಕಿಂತ ಏನು ಬೇಕು ಹೇಳಿ? ಇಂಜಿನ್ನಿನ ಕಿಡಿಗೆ ಬೇಕಾದ ಕಂಡೆನ್ಸರ್ ಅನ್ನೋ ಸಣ್ಣ ಡಬ್ಬಿ ಹೋದ್ರೂ ಹೀಗೇ, ಬಿಸಿ ಆದಾಗ ಸಾಯುತ್ತೆ, ತಣ್ಣಗಾದಾಗ ಬದುಕುತ್ತೆ. ಡ್ರೈವರ್ ಪಾಯಿಂಟ್, ಅಂದ್ರೆ ಕಿಡಿಗೆ ಕರೆಂಟು ಕಟ್ ಮಾಡೋ ತುದಿ, ಉಜ್ಜಿ ಉಜ್ಜಿ ಸುಸ್ತಾಗ್ತಾನೆ, ರೋಗ ಇರೋದು ಪಕ್ಕದ ಕಂಡೆನ್ಸರಲ್ಲಿ.

ಪತ್ತೇದಾರಿ ಬರೆಯೋರಿಗೆ ರೋಟರ್. ಪ್ಲಗ್ಗುಗಳಿಗೆ ಕರೆಂಟು ಹಂಚೋ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಒಳಗಿರೋ ಹೆಬ್ಬೆರಳಿನಷ್ಟು ತುಂಡು, ಕೈಯಲ್ಲೇ ಎಳೆದ್ರೆ ಬರುತ್ತೆ, ಜೇಬಲ್ಲಿ ಹಾಕ್ಕೊಂಡು ಹೋದ್ರೆ ಆಯ್ತು, ಗಾಡಿ ಜಪ್ಪಯ್ಯ ಅಂದ್ರೂ ಸ್ಟಾರ್ಟ್ ಆಗಲ್ಲ. 1940ರಲ್ಲಿ ಜರ್ಮನ್ನರು ಬಂದಿಳೀತಾರೆ ಅನ್ನೋ ಭಯಕ್ಕೆ ಇಂಗ್ಲೆಂಡಲ್ಲಿ ಕಾರು ನಿಲ್ಲಿಸಿ ಹೋಗೋವಾಗ ಅದು ಓಡದ ಹಾಗೆ ಮಾಡಿ ಹೋಗ್ಬೇಕು ಅಂತ ಆರ್ಡರ್ರೇ ಇತ್ತು, ಜನ ರೋಟರ್ ಕಿತ್ಕೊಂಡು ಹೋಗ್ತಿದ್ರು.

ಚೀಟಿ ಬಂತು, ಐದೇ ನಿಮಿಷ ಅಂತೆ. ಬೇಗ ಹೇಳ್ಬಿಡ್ತೀನಿ. ಫ್ಯಾನ್ ಬೆಲ್ಟ್ ಕಟ್ ಆದ್ರೆ ಫ್ಯಾನು, ವಾಟರ್ ಪಂಪು, ಬ್ಯಾಟರಿ ಚಾರ್ಜ್ ಮಾಡೋ ಡೈನಮೊ ಮೂರೂ ಒಟ್ಟಿಗೆ ನಿಲ್ಲುತ್ತೆ, ಮೊದ್ಲು ಕೆಂಪು ಲೈಟು, ಆಮೇಲೆ ಕುದಿಯೋದು. ಕುದೀತಿರೋ ರೇಡಿಯೇಟರ್ ಮುಚ್ಚಳ ತೆಗೆಯೋ ಪಾತ್ರದ ಮುಖ ಸುಡುತ್ತೆ, ಬಿಸಿ ಇಂಜಿನ್‌ಗೆ ತಣ್ಣೀರು ಸುರಿದ್ರೆ ಅದರ ಹೆಡ್, ಅಂದ್ರೆ ಮೇಲ್ಭಾಗ, ಬಿರುಕು ಬಿಡಬಹುದು. ಬ್ರೇಕ್ ಫೇಲ್ ಬರೀತೀರಾದ್ರೆ ಇಳಿಜಾರಲ್ಲಿ ಬರೀರಿ. ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ ಗೇರು, ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಮಾಡ್ಕೊಂಡು ಇಳಿಯೋ ಜಿಪುಣನ್ನ ಕೂರಿಸಿ, ಬ್ರೇಕ್ ಲೈನರ್ ಸುಟ್ಟ ವಾಸನೆ ಮೊದ್ಲೇ ಬರ್ಲಿ, ಪಕ್ಕದಲ್ಲಿ ಕೂತ ಹೆಂಡತಿ ಅದನ್ನ ಹೇಳ್ಲಿ, ಅವನು ಕೇಳದೇ ಇರ್ಲಿ.

ಹ್ಯಾಂಡಲ್ ಹೊಡೆಯೋದರ, ಅಂದ್ರೆ ಕೈಯಲ್ಲಿ ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡೋದರ ಬಗ್ಗೆ ಬಹಳ ಹೇಳೋದಿತ್ತು. ಹೆಬ್ಬೆರಳನ್ನ ಉಳಿದ ಬೆರಳಿನ ಪಕ್ಕದಲ್ಲೇ ಇಟ್ಕೋಬೇಕು, ಸುತ್ತಿ ಹಿಡಿದ್ರೆ ಹ್ಯಾಂಡಲ್ ತಿರುಗಿ ಒದ್ದಾಗ ಬೆರಳು ಮುರಿಯುತ್ತೆ. ನಮ್ಮ ಅಂಬಾಸಿಡರ್ ಹೊರಗಡೆ ಹಲಸಿನ ಮರದ ಕೆಳಗೆ ನಿಂತಿದೆ. ಊಟ ಆದ್ಮೇಲೆ ಬನ್ನಿ, ಬಾನೆಟ್ ತೆಗೆದಿರ್ತೀನಿ, ಹ್ಯಾಂಡಲ್ ನಿಮ್ಮ ಕೈಗೇ ಕೊಡ್ತೀನಿ.