ಯುಟಿಲಿಟಿ ಅಂದರೆ ಯಾವುದು?

ಕೇಳುಗರಿಗೆ ನಮಸ್ಕಾರ.

ಮೊನ್ನೆ ಊರಿಂದ ಅತ್ತೆ ಬಂದಿದ್ದರು. ಊಟ ಆದಮೇಲೆ "ತಟ್ಟೆ ಎಲ್ಲಿಡಲಿ?" ಅಂತ ಕೇಳಿದರು. "ಯುಟಿಲಿಟಿಯಲ್ಲಿ ಇಡಿ" ಅಂದೆ. ಅವರು ತಟ್ಟೆ ಹಿಡಿದುಕೊಂಡು ಹಾಗೇ ನಿಂತರು. ಅಡುಗೆಮನೆಗೆ ಅಂಟಿಕೊಂಡ ಸಣ್ಣ ಜಾಗ, ಅಲ್ಲೊಂದು ವಾಷಿಂಗ್ ಮೆಷಿನ್, ಸಿಂಕು, ಮೂಲೆಯಲ್ಲಿ ಪೊರಕೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಅದನ್ನೇ ಅಲ್ವಾ ಯುಟಿಲಿಟಿ ಅನ್ನೋದು?

ಇದೇ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ "ಯುಟಿಲಿಟಿ ಬಿಲ್ಡಿಂಗ್" ಅಂದರೆ ಬೇರೆಯೇ. ಅದು ಮುಗಿಲಿಗೆ ಮುಖ ಮಾಡಿ ನಿಂತ 25 ಮಹಡಿಯ ಕಟ್ಟಡ. ಕಾನೂನಿನವರ ಬಾಯಲ್ಲಿ ಇದೇ ಮಾತು ನೀರು, ಕರೆಂಟು, ರೈಲು, ಅಂಚೆಗೆ ಸಲ್ಲುತ್ತದೆ. ಇಂಥ ಸೇವೆಗಳಲ್ಲಿ ಮುಂಚೆ ನೋಟಿಸ್ ಕೊಡದೆ ಮುಷ್ಕರ ಹೂಡುವಂತಿಲ್ಲ ಅಂತ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳಿತ್ತು. ನಲ್ಲಿ ನಿಂತರೆ ಊರೇ ನಿಂತ ಹಾಗೆ, ಅದಕ್ಕೆ.

ನನಗೆ ಜಾಸ್ತಿ ಇಷ್ಟವಾದದ್ದು ಅರ್ಥಶಾಸ್ತ್ರದ ಯುಟಿಲಿಟಿ. ನಮ್ಮ ಪಿಯುಸಿ ಪುಸ್ತಕದಲ್ಲಿ ಅದಕ್ಕೆ "ತುಷ್ಟಿಗುಣ" ಅಂತಿತ್ತು, ಅಂದರೆ ತೃಪ್ತಿ ಕೊಡುವ ಗುಣ. ಆಗ ಸುಮ್ನೆ ಬಾಯಿಪಾಠ ಮಾಡಿದ್ದೆ. ಹಬ್ಬದ ದಿನ ಎಲೆ ಮುಂದೆ ಕೂತಾಗ ಅದು ಅರ್ಥವಾಯಿತು. ಮೊದಲ ಹೋಳಿಗೆ, ಮೇಲೆ ಬಿಸಿ ತುಪ್ಪ, ಸ್ವರ್ಗ. ಎರಡನೆಯದೂ ಚೆನ್ನ. ನಾಲ್ಕನೆಯದು ಬರುವಾಗ ಎಲೆಗೆ ಎರಡೂ ಕೈ ಅಡ್ಡ! ಹೋಳಿಗೆ ಅದೇ, ತುಪ್ಪ ಅದೇ. ಕಮ್ಮಿಯಾದದ್ದು ನಮ್ಮ ತೃಪ್ತಿ. ಇಲ್ಲಿ ಉಪಯೋಗದ ಮಾತೇ ಇಲ್ಲ. ಬೀಡಿಯಿಂದ ಮೈಗೆ ಕೆಡುಕೇ ಆದರೂ ಸೇದುವವನಿಗೆ ಅದರಲ್ಲೂ ತುಷ್ಟಿಗುಣ ಇದೆ.

ಈ ಮಾತಿಗೆ ದೊಡ್ಡ ಪಟ್ಟ ಕಟ್ಟಿದವರು ಇಂಗ್ಲೆಂಡಿನ ತತ್ವಜ್ಞಾನಿ ಜೆರೆಮಿ ಬೆಂಥಮ್. ಯಾವ ಕೆಲಸದಿಂದ ಹೆಚ್ಚು ಸುಖವೋ ಅದೇ ಸರಿ ಅಂತ 1789ರ ತಮ್ಮ ಪುಸ್ತಕದಲ್ಲಿ ವಾದಿಸಿದರು, ಆ ತತ್ವಕ್ಕೆ ಯುಟಿಲಿಟಿ ಅಂತಲೇ ಹೆಸರಿಟ್ಟರು. ಆದರೆ 1822ರಲ್ಲಿ ಅದೇ ಪುಸ್ತಕಕ್ಕೆ ಅಡಿಟಿಪ್ಪಣಿ ಸೇರಿಸುವಾಗ ಅವರಿಗೇ ಆ ಹೆಸರು ಸಾಲದು ಅನ್ನಿಸಿತ್ತು. ಈ ಪದ ಕೇಳಿದರೆ ಸುಖದುಃಖ ಥಟ್ಟನೆ ಮನಸ್ಸಿಗೆ ಬರುವುದಿಲ್ಲ ಅನ್ನುವುದು ಅವರ ಕೊರಗು. ನಮ್ಮ ತುಷ್ಟಿಗುಣದಲ್ಲಿ ಆ ಕೊರಗಿಲ್ಲ ನೋಡಿ, ತುಷ್ಟಿ ಪದದೊಳಗೇ ಕೂತಿದೆ. ಇದನ್ನು ಕನ್ನಡಕ್ಕೆ ತಂದವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಅಂದಹಾಗೆ, ಅತ್ತೆ ಆ ಜಾಗಕ್ಕೆ ತಾವೇ ಹೆಸರು ಹುಡುಕಿಕೊಂಡರು. ಎರಡು ದಿನ ಅಲ್ಲೇ ಪಾತ್ರೆ ತೊಳೆದರು, ಬಟ್ಟೆ ಒಣಹಾಕಿದರು, ಕಿಟಕಿಯ ಬಳಿ ಕುಂಡದಲ್ಲಿ ಒಂದು ದೊಡ್ಡಪತ್ರೆ ಕಡ್ಡಿ ಊರಿದರು. ಊರಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಹಿತ್ತಲಲ್ಲಿ ಗಿಡ ಇದೆ, ದಿನಾ ನೀರು ಹಾಕು."

ನಮ್ಮ ಮನೆ ಇರುವುದು ನಾಲ್ಕನೇ ಮಹಡಿಯಲ್ಲಿ. ನಾವೂ ಈಗ ಹಿತ್ತಲು ಅಂತಲೇ ಅನ್ನುತ್ತಿದ್ದೇವೆ.

ನಮಸ್ಕಾರ.