ಒಂದೇ ಕೋಣೆಯಲ್ಲಿ ಮೂರು ತರಗತಿ

ಕೇಳುಗರಿಗೆ ನಮಸ್ಕಾರ. ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಮಕ್ಕಳನ್ನು ಕಳುಹಿಸುತ್ತಿರುವ, ಇಲ್ಲವೇ ಕಳುಹಿಸಲೋ ಬೇಡವೋ ಎಂದು ಯೋಚಿಸುತ್ತಿರುವ ತಂದೆ ತಾಯಂದಿರಿಗಾಗಿ ಈ ಮಾತುಗಳು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿದ್ದಾರೆ, ಇದೆಂಥ ಶಾಲೆ ಎಂದು ನೀವು ಕೇಳುತ್ತೀರಿ. ಅದು ನಲಿ-ಕಲಿ ತರಗತಿ. ಅಲ್ಲಿ ಪ್ರತಿಯೊಂದು ಮಗುವೂ ತಾನು ನಿಂತ ಕಡೆಯಿಂದಲೇ ಮುಂದೆ ಕಲಿಯುತ್ತದೆ. ಇದೊಂದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ.

ಈ ಕ್ರಮ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಕನ್ನಡದ ಕಲಿಕೆಯ ಕಾರ್ಡುಗಳನ್ನು, ಅಂದರೆ ಮಗು ಒಂದೊಂದಾಗಿ ಮಾಡುತ್ತ ಹೋಗುವ ಪುಟ್ಟ ಪಾಠಗಳನ್ನು, ತಾವೇ ಕುಳಿತು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ತರಗತಿಯ ಶಿಕ್ಷಕರೇ ಕಟ್ಟಿದ ಕ್ರಮವೆಂದು ನನಗೆ ಅದರ ಮೇಲೆ ಅಷ್ಟು ಅಭಿಮಾನ.

ನಾನು ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿಯಾಗಿದ್ದಾಗ ಒಂದು ಶಾಲೆಯಲ್ಲಿ ಕುಳಿತಿದ್ದೆ. ಒಬ್ಬ ರೈತರು ಮಗಳ ಕೈ ಹಿಡಿದು ಬಂದರು. "ಮೇಡಂ, ಇವಳಿಗೆ ಅ ಆ ಇ ಈ ಹೇಳೋಕೇ ಬರೋದಿಲ್ಲ. ನಾಳೆಯಿಂದ ಬೇರೆ ಶಾಲೆಗೆ ಹಾಕ್ತೀನಿ" ಎಂದರು. ಶಿಕ್ಷಕಿ ಮರುಮಾತಾಡದೆ ಮಗುವಿಗೆ ಸೀಮೆಸುಣ್ಣ ಕೊಟ್ಟರು. ಅವಳು ನೆಲಮಟ್ಟದ ಕಪ್ಪುಹಲಗೆಯ ಮುಂದೆ ಕುಳಿತು ಸರ, ಅರಸ, ಅಗಸ ಎಂದು ಬರೆದಳು, ಬರೆದದ್ದನ್ನು ಓದಿದಳು. ತಂದೆ ಬೆರಗಾದರು. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭವಾದ ಈ ಐದು ಅಕ್ಷರಗಳು ಕೈಗೆ ಬಂದೊಡನೆ ಮಗು ಪದಗಳನ್ನು ಓದತೊಡಗುತ್ತದೆ. ಸುಮಾರು ಐವತ್ತು ಅಕ್ಷರಗಳ ಪಟ್ಟಿ ಮುಗಿಯುವವರೆಗೆ ಕಾಯುವುದಿಲ್ಲ. ಆ ಹುಡುಗಿ ರಾಗಿ ಕೊಯ್ಲಿನ ದಿನಗಳಲ್ಲಿ ಶಾಲೆಗೇ ಬಂದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಶಿಕ್ಷಕಿ ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ, ಗೋಡೆಯ ಮೇಲಿನ ಕಲಿಕೆಯ ಏಣಿ ಎಂಬ ಪಟವನ್ನು ತೋರಿಸಿ, ಅವಳು ಬಿಟ್ಟುಹೋದ ಮೆಟ್ಟಿಲು ಯಾವುದು, ಮರಳಿ ಬಂದ ದಿನ ಕೈಗೆತ್ತಿಕೊಂಡ ಕಾರ್ಡು ಯಾವುದು ಎಂಬುದನ್ನು ತಂದೆಗೆ ವಿವರಿಸಿದರು. ಎಲ್ಲರಿಗೂ ಒಟ್ಟಿಗೆ ಒಂದೇ ಪಾಠ ನಡೆಯುವ ತರಗತಿಯಲ್ಲಿ ಆ ದಿನಗಳ ಪಾಠ ಅವಳ ಪಾಲಿಗೆ ಹೋದಂತೆಯೇ ಆಗುತ್ತಿತ್ತು. ಇಲ್ಲಿ ಅವಳು ನಿಂತ ಕಡೆಯಿಂದಲೇ ಮುಂದುವರಿದಿದ್ದಳು.

ಸಮಯ ಹೆಚ್ಚಿಲ್ಲ, ಉಳಿದದ್ದನ್ನು ಬೇಗ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು. ನಿಮ್ಮ ಶಾಲೆಯಲ್ಲಿ ಒಬ್ಬರೇ ಇದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿ ಕೇಳಿ. ಆ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ನಿಮ್ಮಂಥ ಪೋಷಕರೇ. ಮಗುವಿಗೆ ವರ್ಣಮಾಲೆ ಒಪ್ಪಿಸಲು ಬರಲಿಲ್ಲವೆಂದು ಮನೆಯಲ್ಲಿ ಗದರಿಸಬೇಡಿ, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಈ ವಾರವೇ ಶಾಲೆಗೆ ಹೋಗಿ, ನನ್ನ ಮಗು ಈಗ ಯಾವ ಮೆಟ್ಟಿಲಿನಲ್ಲಿದೆ ಎಂದು ಶಿಕ್ಷಕರನ್ನು ಕೇಳಿ, ಆ ಏಣಿಯ ಮುಂದೆ ನಿಂತು ನೀವೇ ನೋಡಿ. ನಮಸ್ಕಾರ.