ಬಾಯಲ್ಲಿ ಪಿನ್ನು ಕಚ್ಚಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ರೇಡಿಯೋ ಹಾಕಿಕೊಂಡು ಸೀರೆ ಉಡುತ್ತಿರುವ ಅಕ್ಕಂದಿರೇ, ಹೊಲಿಗೆ ಮಷೀನಿನ ಮುಂದೆ ಕೂತಿರುವ ಟೈಲರಣ್ಣಂದಿರೇ, ನಿಮ್ಮ ಬಾಯಲ್ಲಿ ಪಿನ್ನಿದ್ದರೆ ಮೊದಲು ತೆಗೆದಿಡಿ. ಆಮೇಲೆ ನನ್ನ ಮಾತು ಕೇಳಿ.

ನೆರಿಗೆ ಹಿಡಿಯೋದಕ್ಕೆ ಎರಡೂ ಕೈ ಬೇಕು, ಅದಕ್ಕೇ ಪಿನ್ನು ತುಟಿಗೆ ಹೋಗುತ್ತೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೀತಾರೆ, "ಹಾಂ, ಬಂದೆ" ಅಂತೀರಿ. ಪಿನ್ನು ಹೊಟ್ಟೆಗೆ!

ನುಂಗಿದ ಪಿನ್ನು ಸಾಮಾನ್ಯವಾಗಿ ಮಲದ ಜೊತೆ ಹೊರಟುಹೋಗುತ್ತೆ. ಆದರೆ ಹೊಟ್ಟೆಯ ಬಲಗಡೆ ಕೆಳಗೆ, ದೊಡ್ಡ ಕರುಳು ಶುರುವಾಗೋ ಜಾಗದಲ್ಲಿ, ಕಿರುಬೆರಳಿನಂಥ ಒಂದು ಕೊಳವೆ ಇದೆ. ಅದೇ ಅಪೆಂಡಿಕ್ಸ್. ಅದಕ್ಕೆ ಬಾಗಿಲು ಒಂದೇ, ಹಿತ್ತಿಲಿಲ್ಲ. ಪಿನ್ನು ಅದರೊಳಗೆ ಜಾರಿದರೆ ಸಿಕ್ಕಿಕೊಳ್ಳುತ್ತೆ, ಚುಚ್ಚುತ್ತೆ, ಕೀವಾಗುತ್ತೆ.

ನನ್ನ ಮೆಡಿಕಲ್ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುವ ಕಥೆ ಇದು. 1735ರ ಡಿಸೆಂಬರ್, ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆ. 11 ವರ್ಷದ ಹುಡುಗ. ಎಳವೆಯಿಂದಲೂ ಹರ್ನಿಯಾ ಇತ್ತು, ಅಂದರೆ ಹೊಟ್ಟೆಯೊಳಗಿನ ಭಾಗ ಸಂದಿನಿಂದ ಹೊರಗೆ ಚೀಲದ ಹಾಗೆ ಉಬ್ಬಿಕೊಂಡಿತ್ತು; ಈಗ ತೊಡೆಸಂದಿನಲ್ಲಿ ಹುಣ್ಣಾಗಿ ಸೋರುತ್ತಿತ್ತು. ಶಸ್ತ್ರವೈದ್ಯ ಕ್ಲಾಡಿಯಸ್ ಆಮ್ಯಾಂಡ್ ಕೊಯ್ದು ನೋಡಿದರೆ, ಹರ್ನಿಯಾದ ಚೀಲದೊಳಗೆ ಅಪೆಂಡಿಕ್ಸ್ ಬಂದು ಕೂತಿದೆ. ಅದರಲ್ಲೊಂದು ಪಿನ್ನು! ಪಿನ್ನಿನ ಮೈಗೆ ಕಲ್ಲಿನಂತೆ ಗಟ್ಟಿಯಾದ ಪದರ ಮೆತ್ತಿಕೊಂಡಿದೆ, ಮೊನೆ ಅಪೆಂಡಿಕ್ಸನ್ನು ತೂತು ಮಾಡಿದೆ. ಆಮ್ಯಾಂಡ್ ಅಪೆಂಡಿಕ್ಸನ್ನು ಕಟ್ಟಿ ಕತ್ತರಿಸಿ ತೆಗೆದರು. ಹೆಚ್ಚುಕಡಿಮೆ ಅರ್ಧ ಗಂಟೆ ಹಿಡಿಯಿತು. ಅರಿವಳಿಕೆ ಇಲ್ಲ ತಾಯಂದಿರೇ! ಜನರೆದುರು ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದ್ದು 1846ರಲ್ಲಿ, ಅಂದರೆ 111 ವರ್ಷ ಆದ ಮೇಲೆ. ಆ ಮಗು ಅರ್ಧ ಗಂಟೆ ಎಚ್ಚರವಾಗಿಯೇ ಸಹಿಸಿತು, ಬದುಕಿತು. ಅಪೆಂಡಿಕ್ಸ್ ತೆಗೆದದ್ದಕ್ಕೆ ಸಿಗುವ ಮೊದಲ ದಾಖಲೆ ಅದು. ಈ ಬಗೆಯ ಹರ್ನಿಯಾದೊಳಗೆ ಅಪೆಂಡಿಕ್ಸ್ ಕಂಡರೆ ನಾವು ಇವತ್ತಿಗೂ 'ಆಮ್ಯಾಂಡ್ ಹರ್ನಿಯಾ' ಅಂತಲೇ ಬರೆಯೋದು. ಇಷ್ಟಕ್ಕೆಲ್ಲ ಕಾರಣ ಒಂದು ಪಿನ್ನು.

ಸಮಯ ಆಗುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಪಿನ್ನು ನುಂಗಿದರೆ ವಾಂತಿ ಮಾಡಿಸಬೇಡಿ, ಹರಳೆಣ್ಣೆ ಕುಡಿಸಬೇಡಿ. ಬಾಳೆಹಣ್ಣು ತಿಂದು ಕಾಯುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಬನ್ನಿ. ಎಕ್ಸ್‌ರೇಯಲ್ಲಿ ಪಿನ್ನು ಚೆನ್ನಾಗಿ ಕಾಣುತ್ತೆ, ಕರುಳಿಗೆ ಇಳಿಯದೆ ಹೊಟ್ಟೆಯಲ್ಲೇ ಇದ್ದರೆ ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ತೆಗೆಯಬಹುದು. ತಿಂಗಳುಗಳಾದ ಮೇಲೂ ಹೊಕ್ಕುಳ ಸುತ್ತ ನೋವು ಶುರುವಾಗಿ ಬಲಗಡೆ ಕೆಳಕ್ಕೆ ಇಳಿದರೆ, ಜ್ವರ ಬಂದರೆ, "ಡಾಕ್ಟ್ರೇ, ಆಗ ಪಿನ್ನು ನುಂಗಿದ್ದೆ" ಅಂತ ನಾಚಿಕೆ ಬಿಟ್ಟು ಹೇಳಿ.

ಪಿನ್ನಿಗೆ ಬಾಯಿ ಜಾಗವಲ್ಲ. ಹಳೇ ಬಟ್ಟೆಯಲ್ಲಿ ಪುಟ್ಟ ದಿಂಬು ಹೊಲಿದು ಮಣಿಕಟ್ಟಿಗೆ ಕಟ್ಟಿಕೊಳ್ಳಿ, ಪಿನ್ನೆಲ್ಲ ಅದಕ್ಕೆ ಚುಚ್ಚಿ. ಇವತ್ತು ಮಧ್ಯಾಹ್ನವೇ ಹೊಲಿಯಿರಿ, ಹತ್ತು ನಿಮಿಷದ ಕೆಲಸ.

ನಮಸ್ಕಾರ.